ಸೀಳದ ಹಾಳೆಗಳು

ದೆವ್ವ, ಗಾಳಿ, ಮೈಮೇಲೆ ಬರುವುದು, ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಟಿ. ನರಸೀಪುರದಲ್ಲಿ ವಿಜ್ಞಾನದ ಮೇಷ್ಟರಾಗಿದ್ದವನು ನಾನು. ಯಾರಾದರೂ "ನಿಜ ಸಾ, ಕಣ್ಣಾರೆ ಕಂಡಿವ್ನಿ" ಎಂದರೆ, "ಎಲ್ಲಿ, ನನಗೂ ತೋರಿಸಪ್ಪ" ಎಂದು ಅವರ ಬಾಯಿ ಮುಚ್ಚಿಸುವವರೆಗೂ ಬಿಡುತ್ತಿರಲಿಲ್ಲ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮಕ್ಕನನ್ನು ಕಳಲೆಗೆ ಕೊಟ್ಟಿತ್ತು. ಅವಳ ಒಬ್ಬಳೇ ಮಗಳು ಗಿರಿಜೆಗೆ ಒಂಬತ್ತು ವರ್ಷ. ಕೀಲುಜ್ವರ ಬಂದು ಹೋದಮೇಲೆ ಮಗುವಿನ ಹೃದಯವೇ ಕೆಟ್ಟಿತ್ತು. ಮೈಸೂರಿನ ಡಾಕ್ಟರು ಭಾವನನ್ನು ಪಕ್ಕಕ್ಕೆ ಕರೆದು, "ಇನ್ನು ಮನೇಲೇ ಇಟ್ಕೊಂಡು ಚೆನ್ನಾಗಿ ನೋಡ್ಕೊಳ್ಳಿ" ಎಂದುಬಿಟ್ಟಿದ್ದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಪ್ರತಿ ಭಾನುವಾರ ನಾನು ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿ ಕಳಲೆಗೆ ಹೋಗುತ್ತಿದ್ದೆ. ಒಂದು ಸಲ ಅವಳಿಗೆಂದು ಮಕ್ಕಳ ಸಾಹಸದ ಕಥೆಪುಸ್ತಕವೊಂದನ್ನು ಒಯ್ದೆ. ಅಣ್ಣ ತಂಗಿ ಇಬ್ಬರು ಪಾಳುಬಾವಿಯ ಮೆಟ್ಟಿಲು ಇಳಿದು ನೆಲದಡಿಯ ಊರಿಗೆ ಹೋಗುವ ಕಥೆ. ಆಗಿನ ಎಷ್ಟೋ ಪುಸ್ತಕಗಳಂತೆ ಅದರ ಹಾಳೆಗಳ ಮಡಿಕೆ ಸೀಳಿರಲಿಲ್ಲ. ಓದುವವರೇ ಚಾಕುವಿನಲ್ಲಿ ಸೀಳಿಕೊಳ್ಳಬೇಕು. ನಾನೊಂದು ಉಪಾಯ ಮಾಡಿದೆ. ವಾರಕ್ಕೆ ಹದಿನಾರು ಪುಟ ಮಾತ್ರ ಸೀಳಿ ಓದುವುದು. ಉಳಿದದ್ದಕ್ಕೆ ಮಗು ಮುಂದಿನ ಭಾನುವಾರದವರೆಗೆ ಕಾಯಲಿ, ಕಾಯುವುದಕ್ಕಾದರೂ ಬದುಕಿರಲಿ ಎಂಬ ಹುಚ್ಚು ಆಸೆ ನನ್ನದು. ಪುಸ್ತಕ ಅವಳ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು.

ಮೂರನೆಯ ವಾರ ನಾನು ಚಾಕು ತೆಗೆಯುವ ಮೊದಲೇ ಅವಳು, "ಮುಂದಕ್ಕೆ ನಾನೇ ಯೋಳ್ಲಾ ಮಾವ? ಅವ್ರಿಗೆ ಒಬ್ಬ ಕುಂಟ ಕಾವಲುಗಾರ ಸಿಕ್ತಾನೆ. ಅವನ ಎಗಲ ಮ್ಯಾಲೆ ಮುಂಗ್ಸಿ ಕುಂತದೆ" ಎಂದಳು. ಸೀಳಿ ನೋಡಿದರೆ ಹಾಗೇ ಇತ್ತು. "ಕಳ್ಳಿ, ಇಣುಕಿ ನೋಡಿದ್ದೀಯ" ಎಂದು ಕಿವಿ ಹಿಂಡಿದೆ.

"ಇಲ್ಲ ಕಣ್ ಮಾವ, ನಾನೂ ಅವ್ರ ಜೊತೆ ಒಳಕ್ಕೋಗಿದ್ದೆ. ಅಲ್ಲಿ ಉಸ್ರು ಕಟ್ಟಾಕಿಲ್ಲ. ಓಡ್ತೀನಿ" ಎಂದಳು. ಎದ್ದು ಬಚ್ಚಲಿಗೆ ಹೋಗಲಾರದ ಮಗು ಓಡ್ತೀನಿ ಎಂದಾಗ ನನಗೆ ಅಳು ಬಂತು.

ಮಡಿಕೆಯೊಳಗೆ ಕಣ್ಣಿಟ್ಟರೆ ನಾಲ್ಕು ಸಾಲು ಕಾಣುತ್ತದೆ, ಅಷ್ಟು ನನಗೆ ಗೊತ್ತಿಲ್ಲವೇ? ಆ ದಿನ ಪುಸ್ತಕವನ್ನು ನನ್ನ ಜೊತೆಯಲ್ಲೇ ನರಸೀಪುರಕ್ಕೆ ತಂದು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ನಾನೂ ಬಿಚ್ಚಿ ನೋಡಲಿಲ್ಲ. ಮುಂದಿನ ಭಾನುವಾರವೂ ಅವಳು ಹೇಳಿದಳು: ಕಪ್ಪು ಹೊಳೆ, ತೂತು ಬಿದ್ದ ಹರಿಗೋಲು, ಮುಂಗುಸಿ ನೀರಿಗೆ ಬಿದ್ದದ್ದು. ಅವಳ ಎದುರಿಗೇ ಸೀಳಿದೆ. ಒಂದೂ ತಪ್ಪಿರಲಿಲ್ಲ. ಅಕ್ಕನಿಗೆ ಹೇಳಲಿಲ್ಲ. ಹೇಳುವುದಾದರೂ ಏನನ್ನು?

ವಾರ ಕಳೆದಂತೆ ಪುಸ್ತಕ ಕರಗಿತು, ಅವಳೂ ಕರಗಿದಳು. ಕಾಲು ಬಾತುಕೊಂಡವು. ಕೊನೆಯ ಹದಿನಾರು ಪುಟ ಉಳಿದಾಗ ನನಗೆ ಭಯ ಹುಟ್ಟಿತು. ಕಥೆ ಮುಗಿದರೆ ಇವಳೂ ಮುಗಿದುಹೋಗುತ್ತಾಳೆ ಎಂದು ನಾನು, ವಿಜ್ಞಾನದ ಮೇಷ್ಟರು, ನಂಬಿಬಿಟ್ಟೆ. ಆ ಭಾನುವಾರ ಪುಸ್ತಕವನ್ನು ಟ್ರಂಕಿನಲ್ಲೇ ಬಿಟ್ಟು ಬರಿಗೈಯಲ್ಲಿ ಹೋಗಿ, "ಮರೆತು ಬಂದೆ ಕಣವ್ವ" ಎಂದೆ.

ಅವಳ ಮುಖ ಸಪ್ಪಗಾಯಿತು. "ನಾವು ಈಗ ದೊಡ್ಡ ಬಾಗ್ಲ ಮುಂದೆ ನಿಂತಿದ್ದೀವಿ ಮಾವ. ಆಚೆಗೆ ಏನದೆ ಅಂತ ಕಾಣ್ತಿಲ್ಲ. ನೀನು ಓದುದ್ರೇನೆ ಅದು ತೆಗಿಯೋದು."

"ಬರೋ ವಾರ ಓದ್ತೀನಿ. ಅಲ್ಲೀಗಂಟ ಅಲ್ಲೇ ನಿಂತಿರು" ಎಂದೆ. ತಮಾಷೆಗೆ ಹೇಳಿದ್ದಲ್ಲ. ಅವಳು ಅಲ್ಲೇ ನಿಂತಿರಲಿ ಎಂಬುದೇ ನನಗೆ ಬೇಕಾಗಿದ್ದದ್ದು.

ಬುಧವಾರ ಮಧ್ಯಾಹ್ನ ಪಾಠ ಮಾಡುತ್ತಿದ್ದಾಗ ಭಾವನ ಕಡೆಯವರೊಬ್ಬರು ಶಾಲೆಗೆ ಬಂದು ಸುದ್ದಿ ಹೇಳಿದರು. ನಾನು ಹೋದಾಗ ಅಕ್ಕ ನನ್ನ ತೋಳು ಹಿಡಿದುಕೊಂಡು, "ರಾತ್ರಿಯೆಲ್ಲ ಬಾಗ್ಲು ತಗೀರಿ, ಬಾಗ್ಲು ತಗೀರಿ ಅಂತಿತ್ತು ಕಣೋ ಕೂಸು. ಮುಂದ್ಲ ಬಾಗ್ಲು, ಹಿತ್ಲ ಬಾಗ್ಲು, ಎಲ್ಲ ತಗುದು ಮಡಗುದ್ವಿ. ಇದಲ್ಲ, ಇದಲ್ಲ ಅಂತು" ಎಂದು ಅತ್ತಳು.

ಮಣ್ಣು ಮಾಡಿ ಬಂದ ಮಾರನೆಯ ದಿನ ನನ್ನ ಕೋಣೆಯಲ್ಲಿ ಕೂತು ಆ ಪುಟಗಳನ್ನು ಸೀಳಿದೆ. ಮಕ್ಕಳು ದೊಡ್ಡ ಬಾಗಿಲ ಮುಂದೆ ನಿಂತಿದ್ದರು, ಅವಳು ಹೇಳಿದಂತೆಯೇ. ಎರಡು ಪುಟ ಕಳೆದ ಮೇಲೆ ಬಾಗಿಲು ತೆರೆಯಿತು. ಆಚೆಗೆ ಅವರ ಊರು, ಅವರ ಮನೆ, ಜಗುಲಿಯ ಮೇಲೆ ದಾರಿ ನೋಡುತ್ತಾ ಕೂತ ತಾಯಿ.

ಡಾಕ್ಟರು ಹೇಳಿದ್ದು ನನಗೆ ಮರೆತಿಲ್ಲ. ನಾನು ಓದಿದ್ದರೂ ಅವಳು ಉಳಿಯುತ್ತಿರಲಿಲ್ಲ ಎಂದು ಸಾವಿರ ಸಲ ಹೇಳಿಕೊಂಡಿದ್ದೇನೆ. ಆದರೆ ಬೀಗ ಹಾಕಿದ ಟ್ರಂಕಿನೊಳಗಿದ್ದ, ಯಾರೂ ಸೀಳದ ಪುಟಗಳು ಆ ಮಗುವಿಗೆ ಹೇಗೆ ತಿಳಿದವು? ಅದಕ್ಕೆ ಉತ್ತರ ಸಿಗದ ಹೊರತು ಈ ಸಮಾಧಾನಕ್ಕೂ ಬೆಲೆಯಿಲ್ಲ. ಇಷ್ಟು ವರ್ಷವಾದರೂ ಸಿಕ್ಕಿಲ್ಲ. ಇನ್ನು ಸಿಗುವುದೂ ಇಲ್ಲ.

ತಿಂಗಳು ಕಳೆದ ಮೇಲೆ ಕಳಲೆಗೆ ಹೋಗಿದ್ದೆ. ಸೊಪ್ಪು ಸೋಸುತ್ತಿದ್ದ ಅಕ್ಕ ತಲೆಯೆತ್ತದೆ ಕೇಳಿದಳು:

"ಆ ಕತೇಲಿ ಕೊನೀಗೆ ಮಕ್ಳು ಮನೀಗೆ ಬಂದ್ವೇನೋ?"

"ಇಲ್ಲ ಕಣಕ್ಕ, ಬರ್ಲಿಲ್ಲ" ಎಂದು ಸುಳ್ಳು ಹೇಳಿದೆ.