ಮೇಸ್ತ್ರಿಗಳ ಉಗುರಿಗೆ ಸಿಗದ ಗೆರೆ

ಓದುವವರಿಗೆಲ್ಲ ನಮಸ್ಕಾರ. ನಾನು ತಡವಾಗಿ ಅಕ್ಷರ ಕಲಿತವನು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ, ದೀರ್ಘ ಬಿಟ್ಟುಹೋಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೇಸ್ತ್ರಿಗಳ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆಯ ಕೊಂಬಿನ ಹಾಗೆ ದಪ್ಪವಾಗಿತ್ತು. ಬಣ್ಣವೂ ಹಾಗೆಯೇ. ಉಳಿದ ಒಂಬತ್ತು ಉಗುರುಗಳನ್ನು ಪ್ರತಿ ಭಾನುವಾರ ಬೆಳಿಗ್ಗೆ ಕತ್ತರಿಸುತ್ತಿದ್ದರು, ಅದೊಂದನ್ನು ಅಕ್ಕಿಕಾಳಿನಷ್ಟು ಉದ್ದ ಬಿಡುತ್ತಿದ್ದರು. ಲೋಹ ಕಡೆಯುವ ಲೇತ್ ಯಂತ್ರದಿಂದ ತೆಗೆದ ಯಾವ ವಸ್ತುವಾದರೂ ಸರಿ, ಅದರ ಅಂಚಿನ ಮೇಲೆ ಆ ಉಗುರನ್ನು ಒಂದು ಸುತ್ತು ಓಡಿಸುವರು. ಕಣ್ಣಿಗೆ ಕಾಣದ ಲೋಹದ ಮುಳ್ಳು ಅದಕ್ಕೆ ಸಿಗುತ್ತಿತ್ತು. ಕೂಡಲೇ ಎಡಗೈ ಕಬ್ಬಿಣ ಉಜ್ಜುವ ಸಣ್ಣ ಅರದ ಕಡೆಗೆ ಹೋಗುತ್ತಿತ್ತು. ಒಂದೇ ಎಳೆತ. ಮುಳ್ಳು ಮಾಯ.

ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಅಕ್ಕ ಒಮ್ಮೆ ಊಟಕ್ಕೆ ಬಡಿಸುತ್ತಾ ಹೇಳಿದರು, "ಗಂಜಿಯ ಬಟ್ಟಲಿಗೂ ಉಗುರು ಹಾಕಿ ನೋಡ್ತಾರೆ ಇವರು. ನಾನೆಂತ ಲೇತಿನಲ್ಲಿ ಗಂಜಿ ಬೇಯಿಸಿದ್ದಾ?"

"ಬಟ್ಟಲು ಸೊಟ್ಟ ಉಂಟು, ಗಂಜಿ ಸರಿ ಉಂಟು" ಎಂದರು ಮೇಸ್ತ್ರಿಗಳು.

ಈ ಮಾತೆಲ್ಲ ಆಡಿದ್ದು ತುಳುವಿನಲ್ಲಿ. ನನಗೆ ಬರೆಯಲು ಬರುವುದು ಕನ್ನಡ, ಹಾಗಾಗಿ ಕನ್ನಡದಲ್ಲಿ ಹಾಕಿದ್ದೇನೆ.

ಮೇಸ್ತ್ರಿಗಳು ಗಲ್ಫಿನಲ್ಲಿ ಹಡಗಿನ ಪಂಪು ರಿಪೇರಿ ಮಾಡುವ ಕಡೆ ಬಹಳ ವರ್ಷ ದುಡಿದು ಬಂದವರು. ಮಂಗಳೂರು ಕಡೆಯ ವಾಮದಪದವಿನಿಂದ ಸ್ವಲ್ಪ ಒಳಗೆ ಶೀಟು ಹಾಕಿದ ಶೆಡ್ಡು ಅವರದು. ಅಡಿಕೆ ಸುಲಿಯುವ ಯಂತ್ರದ ಶಾಫ್ಟು, ಪಂಪಿನ ಬುಷ್ಷು, ಬಸ್ಸಿನ ಪಿನ್ನು ಇಂಥದ್ದೆಲ್ಲ ಬರುತ್ತಿತ್ತು. ನಾನು ಅಲ್ಲಿಗೆ ಸೇರುವಾಗ ನನಗೆ ಮೂವತ್ತು ದಾಟಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಕಲಿತ ನಾಲ್ಕು ಅಕ್ಷರವನ್ನೂ ಮರೆತಿದ್ದೆ. ಬಸ್ಸಿನ ಬೋರ್ಡು ಓದಲಿಕ್ಕಾಗದೆ ಬಣ್ಣ ನೋಡಿ ಹತ್ತುತ್ತಿದ್ದೆ.

ಬಜ್ಪೆಯ ನಿಲ್ದಾಣದಲ್ಲಿ ಇಳಿಯುವ ವಿಮಾನ ಕೆಲವೊಮ್ಮೆ ಶೆಡ್ಡಿನ ಮೇಲೆಯೇ ಹೋಗುತ್ತಿತ್ತು. ಮೇಸ್ತ್ರಿಗಳು ಲೇತ್ ನಿಲ್ಲಿಸಿ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ನೋಡುವರು.

"ಅದರೊಳಗೆ ನಮ್ಮದೊಂದು ತುಂಡು ಇರಬೇಕು ಮಾರಾಯ. ಸಣ್ಣದು ಸಾಕು."

ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಮೂಡುಬಿದಿರೆಯ ಕಾಲೇಜಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಪ್ರಾಜೆಕ್ಟ್ ಕೆಲಸಕ್ಕೆ ನಮ್ಮ ಶೆಡ್ಡಿಗೆ ಬರುತ್ತಿದ್ದ. ಮುಂದೆ ಅವನಿಗೆ ಬೆಂಗಳೂರಿನಲ್ಲಿ ವಿಮಾನದ ಸೀಟು ತಯಾರಿಸುವ ಕಂಪನಿಯಲ್ಲಿ ಕೆಲಸವಾಯಿತು. ವಿಮಾನಗಳು ಹೆಚ್ಚುತ್ತಿದ್ದವು, ಸೀಟಿನ ಬೇಡಿಕೆಯೂ ಹೆಚ್ಚಿತ್ತು, ಸಣ್ಣ ಬಿಡಿಭಾಗಗಳನ್ನು ಹೊರಗೆ ಮಾಡಿಸಲು ಅವರು ಜನ ಹುಡುಕುತ್ತಿದ್ದರು. ಅವನು ನಮ್ಮ ಮೇಸ್ತ್ರಿಗಳ ಹೆಸರು ಹೇಳಿದ. ಕಂಪನಿಯಿಂದ ಗುಣಮಟ್ಟ ನೋಡುವ ಮೇಡಂ ಒಬ್ಬರು ಬಂದರು. ಮೇಸ್ತ್ರಿಗಳು ಲೇತಿನಲ್ಲಿ ಮಾಡಿಕೊಟ್ಟ ಬುಷ್ಷನ್ನು ಅಳೆದು ನೋಡಿ ತಲೆದೂಗಿದರು.

"ಅಳತೆ ನಿಮಗೆ ಹೇಳಿಕೊಡ್ಬೇಕಾಗಿಲ್ಲ ಸರ್. ಆದ್ರೆ ಅಳತೆ ಅರ್ಧ ಕೆಲಸ ಅಷ್ಟೇ. ಇನ್ನರ್ಧ ಕಾಗದ. ಲೋಹ ಯಾವ ಮಿಲ್ಲಿಂದ ಬಂತು, ಯಾರು ಕತ್ತರಿಸಿದ್ರು, ಯಾವ ಟೂಲು, ಯಾವ ದಿನ, ಎಲ್ಲ ಕಾರ್ಡಲ್ಲಿ ಇರ್ಬೇಕು. ನಾಳೆ ಒಂದು ಸೀಟಿಗೆ ಏನಾದ್ರೂ ಆದ್ರೆ ನಾವು ಆ ಕಾರ್ಡ್ ಹಿಡ್ಕೊಂಡು ಇಲ್ಲಿವರೆಗೆ ಬರೋಕೆ ಆಗ್ಬೇಕು. ಕಾರ್ಡಲ್ಲಿ ಇಲ್ಲದ್ದು ಪೀಸ್ ಮೇಲೆ ಇರ್ಬಾರ್ದು."

ಅವರು ಹೋದ ಮೇಲೆ ಮೇಸ್ತ್ರಿಗಳು ನನ್ನನ್ನೇ ನೋಡಿದರು. "ನನಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಕಾರ್ಡ್ ನೀನು ಬರೆಯುವುದು."

"ನನಗೆ ಬರೆಯಲಿಕ್ಕೆ ಎಲ್ಲಿ ಬರ್ತದೆ?"

"ಲೇತ್ ಬರ್ತಿತ್ತಾ? ಕಲಿತೆ ಅಲ್ವಾ?"

ಮರುದಿನದಿಂದ ಮಧ್ಯಾಹ್ನದ ಊಟದ ನಂತರ ನನಗೆ ಪಾಠ. ಸ್ಲೇಟಿನ ಬದಲು ಲೋಹ ಉಜ್ಜುವ ಎಮರಿ ಕಾಗದ. ಒಂದು ಬದಿ ಉಜ್ಜಿ ಸವೆದ ಮೇಲೆ ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಸುತ್ತಿದ್ದರು. "ನಿನ್ನ 'ರ' ನೋಡಿದರೆ ಬೇರಿಂಗಿನ ಗುಂಡು ಉರುಳಿಹೋದ ಹಾಗೆ ಉಂಟು, ಹಿಡಿ ಅದನ್ನು" ಎನ್ನುವರು. ಅಕ್ಷರ ಬಂದ ಮೇಲೆ ಬಿಡುತ್ತಾರೆ ಎಂದುಕೊಂಡಿದ್ದೆ, ಬಿಡಲಿಲ್ಲ. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿಸಿದರು. ಮೂಡುಬಿದಿರೆಯ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಒಬ್ಬ ಟೀಚರು ನನ್ನನ್ನು ತಡೆದು, "ಪೋಷಕರೆಲ್ಲ ಗೇಟಿನ ಹೊರಗೆ ನಿಲ್ಲಿ" ಎಂದರು. ಗೇಟಿನ ಹೊರಗೆ ನಿಂತಿದ್ದ ಮೇಸ್ತ್ರಿಗಳು ಅಲ್ಲಿಂದಲೇ ಕೂಗಿದರು, "ಪೋಷಕ ನಾನು ಟೀಚರೇ! ಅವ ವಿದ್ಯಾರ್ಥಿ!" ಮಕ್ಕಳೆಲ್ಲ ನಕ್ಕರು. ಎರಡನೇ ಸಲಕ್ಕೆ ಪಾಸಾದೆ.

ಅಷ್ಟರಲ್ಲಿ ಶೆಡ್ಡೂ ಬದಲಾಗಿತ್ತು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಲೇತ್ ಬಂದಿತ್ತು. ಕರೆಂಟು ಏರಿಳಿದರೆ ನಡುವಿನಲ್ಲಿ ಪೀಸು ಹಾಳಾಗುತ್ತದೆಂದು ದೊಡ್ಡ ಸ್ಟೆಬಿಲೈಸರ್ ಹಾಕಿದ್ದರು. ಮಾದರಿ ಪೀಸು ಮಾಡಿ ನೋಡಲು ಅಲ್ಯೂಮಿನಿಯಂ ಸರಳು ಬೆಂಗಳೂರಿನಿಂದ ಬಸ್ಸಿನಲ್ಲಿ ಮೂಡುಬಿದಿರೆಗೆ ಬರುತ್ತಿತ್ತು. ನಾನು ರಿಕ್ಷಾ ಮಾಡಿಕೊಂಡು ಹೋಗಿ ತರುತ್ತಿದ್ದೆ. ಸರಳು ಮಳೆಯಲ್ಲಿ ನೆನೆದರೆ ತೊಂದರೆಯಿಲ್ಲ, ಅದರ ಪ್ರಮಾಣಪತ್ರ ನೆನೆದರೆ ಆ ಸರಳು ಬರೀ ಗುಜರಿ. ಹಾಗಾಗಿ ಕಾಗದವನ್ನು ಅಂಗಿಯ ಒಳಗೆ ಎದೆಗೆ ಹಚ್ಚಿ ಇಟ್ಟುಕೊಳ್ಳುತ್ತಿದ್ದೆ.

ಕಾರ್ಡಿನ ವಿಷಯದಲ್ಲಿ ಮೇಸ್ತ್ರಿಗಳು ನನಗೆ ಹೇಳಿದ್ದು ಒಂದೇ. "ಮಾಡಿದ್ದನ್ನು ಬರಿ. ಮಾಡದ್ದನ್ನು ಬರೀಬೇಡ. ನನ್ನನ್ನು ಕೇಳ್ಲಿಕ್ಕೂ ಹೋಗ್ಬೇಡ."

ಕೊನೆಗೆ ಕಂಪನಿಯಿಂದ ಪರೀಕ್ಷೆಯ ಆರ್ಡರು ಬಂತು. ಸೀಟಿನ ಬೆನ್ನು ಹಿಂದೆ ಬಾಗುವ ಜಾಗದಲ್ಲಿ ಕೂರುವ ಸಣ್ಣ ಕೊಳವೆಯಂಥ ಬುಷ್ಷು, ಹೆಬ್ಬೆರಳಿನ ಅರ್ಧದಷ್ಟು. ನಾಲ್ಕು ಟ್ರೇ ಮಾಡಿಕೊಡಬೇಕು. ಅದು ಪಾಸಾದರೆ ಖಾಯಂ ಆರ್ಡರು, ನಮ್ಮ ತುಂಡು ಮೇಲೆ ಹಾರುತ್ತದೆ. ಅಂಚಿನ ಮುಳ್ಳು ತೆಗೆಯಲು ಅವರೇ ಒಂದು ನೈಲಾನ್ ಬ್ರಷ್ಷು ಕೊಟ್ಟಿದ್ದರು. ಅದು ಬಿಟ್ಟು ಬೇರೆ ಏನೂ ತಾಗಿಸಬಾರದು.

ಮೂರನೇ ದಿನ ನಾನು ಕಾರ್ಡ್ ಹಿಡಿದು ಕೂತಿದ್ದೆ. ಮೇಸ್ತ್ರಿಗಳು ನಾಲ್ಕೂ ಟ್ರೇಯ ಪೀಸುಗಳ ಮೇಲೆ ಉಗುರು ಓಡಿಸುತ್ತಿದ್ದರು. ಒಂದರ ಮೇಲೆ ಉಗುರು ನಿಂತಿತು. ಎಡಗೈ ಮೇಜಿನ ಮೇಲಿದ್ದ ಅರವನ್ನು ತೆಗೆದು ಒಮ್ಮೆ ಎಳೆದು ಕೆಳಗಿಟ್ಟಿತು. ಅವರು ಬೇರೇನೋ ಮಾತಾಡುತ್ತಿದ್ದರು, ಅವರಿಗೆ ಗೊತ್ತೇ ಆಗಲಿಲ್ಲ. ಇನ್ನೊಂದು ಪೀಸು, ಮತ್ತೆ ಹಾಗೆಯೇ. ನಾನು ನೋಡಿದ್ದನ್ನು ಷರಾ ಎಂಬ ಜಾಗದಲ್ಲಿ ಬರೆದೆ: "ಮೇಸ್ತ್ರಿಗಳು ಕೆಲವು ಪೀಸಿಗೆ ಅರ ಹಾಕಿದರು." ಅದರಿಂದ ಏನಾಗುತ್ತದೆಂದು ಆಗ ನನಗೆ ಹೊಳೆಯಲಿಲ್ಲ, ಮಾಡಿದ್ದನ್ನು ಬರೆಯಬೇಕಲ್ಲ. ಅಕ್ಷರ ದುಂಡಗೆ ಬಂದದ್ದಕ್ಕೆ ಖುಷಿಯೂ ಆಯಿತು. ಮೇಸ್ತ್ರಿಗಳು ಓದದೆ ಕೆಳಗೆ ಸಹಿ ಹಾಕಿದರು. ನಾನು ಬರೆದದ್ದನ್ನು ಅವರು ಓದಿ ನೋಡುವುದನ್ನು ನಿಲ್ಲಿಸಿ ವರ್ಷವಾಗಿತ್ತು.

ಮೇಡಂ ಬಂದರು. ಅಳತೆ ಎಲ್ಲವೂ ಸರಿ ಇತ್ತು. ನಗುತ್ತಲೇ ಕಾರ್ಡ್ ತೆಗೆದರು, ಓದುತ್ತಾ ಓದುತ್ತಾ ನಗು ನಿಂತಿತು.

"ಸರ್, ಇದು ನಿಜಾನಾ? ಆ ಅರದಲ್ಲಿ ಮುಂಚೆ ಕಬ್ಬಿಣ ಉಜ್ಜಿದ್ರಾ?"

ಮೇಸ್ತ್ರಿಗಳು ಅರವನ್ನು ನೋಡಿದರು, ಆಮೇಲೆ ತಮ್ಮ ಎಡಗೈಯನ್ನು ನೋಡಿದರು. "ಹಾಕಿರಬೇಕು. ಕೈ ಹೋಗಿರಬೇಕು."

"ಕಬ್ಬಿಣದ ಪುಡಿ ಅಲ್ಯೂಮಿನಿಯಂಗೆ ಅಂಟಿದ್ರೆ ಅಲ್ಲಿಂದ ಒಳಕ್ಕೆ ತಿನ್ನೋಕೆ ಶುರುಮಾಡುತ್ತೆ ಸರ್. ಇವತ್ತು ಕಾಣಲ್ಲ. ವರ್ಷಗಳಾದ್ಮೇಲೆ ಕಾಣುತ್ತೆ, ಆಗ ಅದು ಮೇಲೆ ಹಾರ್ತಾ ಇರುತ್ತೆ." ಸ್ವಲ್ಪ ತಡೆದು, "ಯಾವ ಪೀಸ್ ಅಂತ ಹೇಳ್ತೀರಾ? ಅಷ್ಟು ಮಾತ್ರ ತೆಗೆದಿಡ್ತೀನಿ, ಉಳಿದದ್ದಕ್ಕೆ ಮೇಲಿನವರನ್ನ ಕೇಳ್ತೀನಿ" ಎಂದರು.

ಮೇಸ್ತ್ರಿಗಳು ಸ್ಟೂಲು ಎಳೆದು ಕೂತರು. ಒಂದೊಂದೇ ಬುಷ್ಷು ಎತ್ತಿ ಉಗುರು ಓಡಿಸಿದರು. ಒಂದು ಟ್ರೇ ಮುಗಿಯಿತು, ಎರಡು ಮುಗಿಯಿತು. ಕೂದಲಿನಷ್ಟು ಗೆರೆಯನ್ನೂ ಬಿಡದ ಉಗುರು ಅದು. ಆದರೆ ಅರ ಎಳೆದದ್ದೂ ಅವರೇ. ಅವರ ಎಳೆತ ಅಷ್ಟು ನಯವಾಗಿತ್ತು, ಅವರ ಉಗುರಿಗೂ ಸಿಗಲಿಲ್ಲ. ಮೂರನೇ ಟ್ರೇಯ ನಡುವೆ ಕೈ ನಿಲ್ಲಿಸಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಗೊತ್ತಾಗುವುದಿಲ್ಲ ಮೇಡಂ. ಎಲ್ಲ ಒಂದೇ ಹಾಗೆ ಉಂಟು."

ಯಾವುದೆಂದು ಗೊತ್ತಾಗದಿದ್ದರೆ ಎಲ್ಲವೂ ತಿರಸ್ಕಾರವೇ. ನನಗೆ ತಡೆಯಲಾಗಲಿಲ್ಲ. ಮೇಸ್ತ್ರಿಗಳನ್ನು ಶೆಡ್ಡಿನ ಹಿಂದೆ ಕರೆದೆ.

"ಮೇಸ್ತ್ರಿಗಳೇ, ತಪ್ಪಿ ಬರೆದೆ ಅಂತ ಹೇಳ್ತೇನೆ. ನನ್ನ ಮೇಲೆ ಹಾಕಿ. ಓದು ಬಾರದವ, ಎಂತದೋ ಗೀಚಿದ ಅಂತ ಹೇಳಿ. ಅವರು ನಂಬ್ತಾರೆ."

"ಇಷ್ಟು ವರ್ಷ ಕಲಿಸಿದ್ದು ಇದನ್ನು ಹೇಳಿಸ್ಲಿಕ್ಕಾ?"

"ನಾಲ್ಕು ಟ್ರೇಯೂ ಹೋಗ್ತದಲ್ಲ!"

"ಅರ ಹಾಕಿದ್ದು ಹೌದಾ, ಅಲ್ವಾ?"

"ಹೌದು."

"ನೀನು ನೋಡಿ ಬರೆದದ್ದು ಹೌದಾ, ಅಲ್ವಾ?"

"ಹೌದು."

"ಮತ್ತೆ ಎಂತ ಮಾತಾಡ್ಲಿಕ್ಕುಂಟು?" ಎಂದು ಒಳಗೆ ಹೋದರು.

ತಿರಸ್ಕರಿಸಿದ ಭಾಗವನ್ನು ಹಾಗೆಯೇ ಬಿಡುವಂತಿಲ್ಲ. ಯಾರೋ ಒಳ್ಳೆಯದೆಂದು ಮಾರಿದರೆ ಅದು ವಿಮಾನಕ್ಕೆ ಹೋಗಿಬಿಡುತ್ತದೆ. ಹಾಗಾಗಿ ಕಂಪನಿಯವರ ಎದುರಿಗೇ ನಾಶ ಮಾಡಬೇಕು. ನಾನು ಸುತ್ತಿಗೆಗೆ ಕೈ ಹಾಕಿದೆ. ಮೇಸ್ತ್ರಿಗಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಒಂದೊಂದು ಬುಷ್ಷಿಗೆ ಒಂದೊಂದು ಪೆಟ್ಟು. ಪ್ರತಿಯೊಂದನ್ನೂ ಕಬ್ಬಿಣದ ಅಡಿಗಲ್ಲಿನ ಮೇಲೆ ನೆಟ್ಟಗೆ ಕೂರಿಸಿ, ಸರಿ ಕೂತಿದೆಯೇ ಎಂದು ನೋಡಿ, ಆಮೇಲೆ ಹೊಡೆಯುತ್ತಿದ್ದರು. ಮೇಡಂ ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ನಾನು ಕಾರ್ಡಿನಲ್ಲಿ ಬರೆದೆ: "ತಿರಸ್ಕರಿಸಿದ ಎಲ್ಲ ಪೀಸನ್ನು ಮೇಸ್ತ್ರಿಗಳು ನಾಶ ಮಾಡಿದರು." 'ರ' ಎಲ್ಲ ಮೊದಲಿನ ಹಾಗೆ ಉರುಳಿಹೋಯಿತು.

ಎರಡನೇ ಅವಕಾಶ ಬರಲಿಲ್ಲ. ಕೈಯೇ ತಾಗದೆ ಯಂತ್ರವೇ ಅಂಚು ತೆಗೆಯುವ ದೊಡ್ಡ ಕಾರ್ಖಾನೆಗೆ ಆ ಕೆಲಸ ಹೋಯಿತೆಂದು ಮೇಡಂ ಫೋನಿನಲ್ಲಿ ತಿಳಿಸಿದರು. ಅವರ ಧ್ವನಿಯಲ್ಲೂ ಬೇಸರವಿತ್ತು. ಯಾರನ್ನು ಬೈಯುವುದು? ಅವರು ಹೇಳಿದ್ದು ಸರಿ. ನಾನು ಬರೆದದ್ದು ಸರಿ. ಮೇಸ್ತ್ರಿಗಳ ಕೈ ನಲವತ್ತು ವರ್ಷದಿಂದ ಮಾಡಿದ್ದನ್ನೇ ಮಾಡಿತು. ನಾನು ಸ್ವಲ್ಪ ಕಾಲ ಪೆನ್ನು ಮುಟ್ಟಲಿಲ್ಲ. ಒಂದು ದಿನ ಅವರು ಅಡಿಕೆ ಯಂತ್ರದ ಶಾಫ್ಟನ್ನು ನನ್ನ ಮುಂದಿಟ್ಟು, "ಕಾರ್ಡ್ ಬರಿ" ಎಂದರು.

"ಅಡಿಕೆ ಯಂತ್ರಕ್ಕೆ ಎಂತ ಕಾರ್ಡ್?"

"ನೀನು ಬರಿ ಮಾರಾಯ. ಬಿಟ್ಟರೆ ಮರೆತುಹೋಗ್ತದೆ." ವಿಮಾನ ಹೋದರೆ ಹೊರಗೆ ಬಂದು ನೋಡುವುದನ್ನು ಮಾತ್ರ ಅವರು ಬಿಟ್ಟಿದ್ದರು.

ಕಳೆದ ಮಳೆಗಾಲದಲ್ಲಿ ಅವರಿಗೆ ಎದೆನೋವು ಬಂತು. ಮಂಗಳೂರಿನ ಆಸ್ಪತ್ರೆಯಲ್ಲಿ ಬೆರಳಿಗೆ ನಾಡಿ ನೋಡುವ ಕ್ಲಿಪ್ಪು ಹಾಕಲು ತೊಡಕಾಗುತ್ತದೆಂದು ನರ್ಸು ಆ ಉಗುರನ್ನು ಕತ್ತರಿಸಿದ್ದರು. ಮೇಸ್ತ್ರಿಗಳು ಬೆರಳನ್ನು ನನಗೆ ತೋರಿಸಿ, "ಅಂಚು ಸರಿ ಬರಲಿಲ್ಲ ನೋಡು" ಎಂದರು. ಮೂರನೇ ದಿನ ಹೋಗಿಬಿಟ್ಟರು.

ಮರಣ ದಾಖಲೆಯ ಅರ್ಜಿ ತುಂಬಲು ಅಕ್ಕ ನನ್ನನ್ನು ಪಂಚಾಯತಿಗೆ ಕರೆದುಕೊಂಡು ಹೋದರು. ಹೆಸರು, ವಯಸ್ಸು ಬರೆದೆ. 'ಉದ್ಯೋಗ' ಎಂಬಲ್ಲಿ ಪೆನ್ನು ನಿಂತಿತು.

"ವರ್ಕ್‌ಶಾಪ್ ಅಂತ ಬರಿ" ಎಂದರು ಅಕ್ಕ.

ನಾನು ಬರೆದೆ: ವಿಮಾನದ ಬಿಡಿಭಾಗ ತಯಾರಿಕೆ.

ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. "ಒಂದೂ ಹಾರ್ಲಿಲ್ಲ ಅಲ್ವಾ?"

"ಮಾಡಿದ್ದು ಹೌದಲ್ಲ ಅಕ್ಕ."

ಗುಮಾಸ್ತರು ಅರ್ಜಿ ನೋಡಿ ಕಂಪ್ಯೂಟರಿನಲ್ಲಿ ಮೇಲೆ ಕೆಳಗೆ ಹುಡುಕಿದರು. "ವಿಮಾನದ್ದು ಇದರಲ್ಲಿ ಬರುವುದಿಲ್ಲ ಮಾರಾಯ್ರೆ. 'ಇತರೆ' ಅಂತ ಹಾಕ್ತೇನೆ, ಆಗಬಹುದಲ್ಲ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಒತ್ತಿದರು.

ನಿಮಗೂ ಇಂಥ ಒಬ್ಬರು ಅಕ್ಷರವನ್ನೋ ಕೆಲಸವನ್ನೋ ಕಲಿಸಿರಬಹುದು. ಅವರು ಕಲಿಸಿದ್ದನ್ನು ಸರಿಯಾಗಿ ಮಾಡಿ ಅವರಿಗೇ ನಷ್ಟ ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನಾನು ನಿಧಾನವಾಗಿ ಓದುತ್ತೇನೆ, ಆದರೆ ಎಲ್ಲವನ್ನೂ ಓದುತ್ತೇನೆ.