ಚಿಕ್ಕ ಸ್ವರದ ಅಡ್ಡಗೆರೆ

ಲೈಪ್‌ಜಿಗ್‌ನ ಅಚ್ಚುಕೂಟಗಳ ಬೀದಿಯಲ್ಲಿ ಒಟ್ಟಿಲಿಯ ಪಿಯಾನೊ ಕೇಳದೆ ಬೆಳೆದ ಮಕ್ಕಳಿರಲಿಲ್ಲ. ಗಂಡ ಟ್ರಾಗೊಟ್ ಸಂಗೀತದ ಹಾಳೆಗಳಿಗಾಗಿ ತವರದ ತಗಡಿನ ಮೇಲೆ, ತುದಿಯಲ್ಲಿ ಸ್ವರಚಿಹ್ನೆ ಕೊರೆದ ಉಳಿಗಳನ್ನು ಬಡಿದು ಅಚ್ಚು ಮಾಡುವವನು. ಕನ್ನಡಿಯೊಳಗಿನ ಹಾಗೆ ಬಲದಿಂದ ಎಡಕ್ಕೆ ಬಡಿದು ಬಡಿದು, ಅಂಗಡಿಯ ಬೋರ್ಡನ್ನೂ ಹಿಂದುಮುಂದಾಗಿ ಓದುತ್ತಿದ್ದ. ಮದುವೆಗೆ ಮುಂಚೆ ಅವಳಿಗೆ ಅವನು ಕೊಟ್ಟ ಉಡುಗೊರೆಯೆಂದರೆ ತಾನೇ ಅಚ್ಚು ಬಡಿದಿದ್ದ, ಪಿಯಾನೊದ ಒಂದು ರಾತ್ರಿಗೀತದ ಹಾಳೆ.

ಅದರ ಮೊದಲ ಸಾಲಿನಲ್ಲೇ ದೊಡ್ಡ ಸ್ವರಕ್ಕೆ ಅಂಟಿಕೊಂಡು ಒಂದು ಚಿಕ್ಕ ಸ್ವರ. ಅದರ ಬಾಲಕ್ಕೊಂದು ಅಡ್ಡಗೆರೆ. ಗೆರೆಯಿದ್ದರೆ ಬಿಸಿ ಬಾಣಲೆ ಮುಟ್ಟಿದ ಹಾಗೆ ಬೆರಳು ತಾಗಿಸಿ ಹಾರಬೇಕು. ಒಟ್ಟಿಲಿ ಹಾಗೇ ನುಡಿಸಿದಳು, ಹಾಗೇ ಕಲಿಸಿದಳು. ಪಾಠಕ್ಕೆ ಬರುವ ಹುಡುಗಿಯರು ಅಲ್ಲಿ ತಡೆದರೆ ಮಣಿಕಟ್ಟಿಗೆ ಒಂದು ಏಟು.

ಚಳಿಗಾಲದ ಕೊನೆಗೆ ಟ್ರಾಗೊಟ್ ತೀರಿಕೊಂಡ. ಮುಂದಿನ ಭಾನುವಾರ ಅವನ ಜೊತೆ ಕೆಲಸ ಮಾಡಿದವರೆಲ್ಲ ತಮ್ಮ ಕಸುಬಿನ ಸಂಘದ ಕೋಣೆಯಲ್ಲಿ ಸೇರಿ ಅವನನ್ನು ನೆನೆಯುವುದು, ಒಟ್ಟಿಲಿ ಆ ರಾತ್ರಿಗೀತ ನುಡಿಸುವುದು ಎಂದಾಗಿತ್ತು. ಶುಕ್ರವಾರ ಮೈದುನ ಲೊರೆಂಜ್ ಬಂದ. ಅವನು ಪ್ರಕಾಶಕರೊಬ್ಬರಲ್ಲಿ ಅಚ್ಚು ತಿದ್ದುವವನು. ಅದೇ ಗೀತವನ್ನು ಹೊಸದಾಗಿ ಅಚ್ಚು ಹಾಕಲು ಹಳೆಯ ಮುದ್ರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದ.

"ಅತ್ತಿಗೆ, ಕಾಫಿ ಎಷ್ಟು ನೀರಾಗಿದೆ ಅಂದ್ರೆ ಬಟ್ಟಲ ತಳದಲ್ಲಿ ಬರೆದ ಹೂವು ಕಾಣ್ತಾ ಇದೆಯಲ್ಲ."

"ಹೂವಾದ್ರೂ ನೋಡ್ಕೊ. ಆ ಜೋಲುಮೋರೆ ಹೊತ್ಕೊಂಡು ಬಂದಿದ್ದು ಯಾಕೆ, ಅದನ್ನ ಹೇಳು."

ಅವನು ಮೂರು ಹಾಳೆ ಹರಡಿದ. ಪ್ಯಾರಿಸ್ಸಿನದರಲ್ಲಿ ಅಡ್ಡಗೆರೆಯಿಲ್ಲ. ಲಂಡನ್ನಿನದರಲ್ಲೂ ಇಲ್ಲ. ಟ್ರಾಗೊಟ್ ಕೈಯದರಲ್ಲಿ ಮಾತ್ರ ಇತ್ತು.

"ಗೆರೆ ಇಲ್ದಿದ್ರೆ ಆ ಸ್ವರ ನಿಂತು, ವಾಲಿ, ಆಮೇಲೆ ಇಳೀಬೇಕು. ನಾವು ಓಡಿಸಿಬಿಟ್ಟಿದೀವಿ. ಲೈಪ್‌ಜಿಗ್‌ನಲ್ಲಿ ಅಚ್ಚು ಬಡಿದವನ ತಪ್ಪು ಅಂತ ಹೊಸ ಹಾಳೆಯ ಕೆಳಗೆ ಬರೀಬೇಕಾಗತ್ತೆ."

"ಗೋರಿಯ ಮಣ್ಣು ಆರಿಲ್ಲ, ಆಗಲೇ ಅಣ್ಣನ ತಪ್ಪು ಹುಡುಕೋಕೆ ಕೂತ್ಯಾ?"

"ಹುಡುಕಲಿಲ್ಲ ಅತ್ತಿಗೆ, ಕಣ್ಣಿಗೆ ಬಿತ್ತು. ಅವನಿದ್ದಿದ್ರೆ ಅವನನ್ನೇ ಕೇಳ್ತಿದ್ದೆ."

ಒಟ್ಟಿಲಿ ಎದ್ದು ಹೋಗಿ ಗಂಡನ ಉಳಿಗಳ ಪೆಟ್ಟಿಗೆ ತಂದು ಮೇಜಿನ ಮೇಲೆ ಸುರಿದಳು. "ಅವರ ಕೈ ತಪ್ಪಿದ್ದು ಎಲ್ಲಿ, ತೋರಿಸು."

ಲೊರೆಂಜ್ ರೊಟ್ಟಿಯ ಮೆತ್ತನೆಯ ತಿರುಳಿಗೆ ಒಂದೊಂದೇ ಉಳಿ ಒತ್ತಿ ನೋಡಿದ. ಚಿಕ್ಕ ಸ್ವರದ ಉಳಿ ಒಂದೇ ಒಂದಿತ್ತು. ಅದರ ಬಾಲದಲ್ಲೇ ಅಡ್ಡಗೆರೆ ಸೇರಿಕೊಂಡಿತ್ತು.

"ಅಯ್ಯೋ ದೇವರೇ," ಎಂದ ಮೆಲ್ಲಗೆ. "ಆಗ ಅಚ್ಚುಕೂಟದ ಯಜಮಾನ ಬೇರೆ ಉಳಿ ಮಾಡಿಸಿಕೊಟ್ಟಿರಲಿಲ್ಲ. ಎಂಥ ಚಿಕ್ಕ ಸ್ವರ ಬಂದ್ರೂ ಅಣ್ಣ ಇದನ್ನೇ ಹೊಡೆದಿದಾನೆ."

ಅವನ ಎದೆ ಹಗುರಾಯಿತು. ಒಟ್ಟಿಲಿಯದು ಆಗಲಿಲ್ಲ. ಗಂಡನ ಮೇಲಿನ ತಪ್ಪಿನ ಮಾತು ಹೋಯಿತು, ಸರಿ. ತಾನು ಪ್ರಾಣದಂತೆ ಕಾಪಾಡಿಕೊಂಡು ಬಂದ ಆ ಸ್ವರದ ಚುರುಕೂ ಅದರ ಜೊತೆಗೇ ಹೋಯಿತು.

"ಹಾಗಾದ್ರೆ ಇಷ್ಟು ವರ್ಷ ನಾನು ನುಡಿಸಿದ್ದು ಉಳಿ ಹೇಳಿದ್ದನ್ನ."

"ಗೋಡೆಯಾಚೆ ಕೂತು ಅಣ್ಣ ಕೇಳಿದ್ದೂ ಅದನ್ನೇ ಅಲ್ವಾ? ಭಾನುವಾರ ಹ್ಯಾಗೆ ನುಡಿಸ್ತೀರಿ?"

ಅವಳು ರೊಟ್ಟಿಯ ಚೂರುಗಳನ್ನು ಸೆರಗಿನಂತೆ ಹಿಡಿದ ಏಪ್ರನ್ನಿಗೆ ಬಳಿದುಕೊಂಡಳು.

ಭಾನುವಾರ ಮೊದಲ ಸಾಲಿನಲ್ಲಿ ಚಿಕ್ಕ ಸ್ವರ ತಾಗಿ ಹಾರಿತು, ಟ್ರಾಗೊಟ್ ಕೇಳುತ್ತಿದ್ದ ಹಾಗೆಯೇ. ಅದೇ ಸಾಲು ತಿರುಗಿ ಬಂದಾಗ ಒಟ್ಟಿಲಿ ಬೆರಳನ್ನು ಎತ್ತಲಿಲ್ಲ. ಸ್ವರ ನಿಂತಿತು, ವಾಲಿತು, ಹಿಡಿದಿದ್ದ ಉಸಿರು ಬಿಟ್ಟಂತೆ ದೊಡ್ಡ ಸ್ವರಕ್ಕೆ ಇಳಿಯಿತು. ಲೊರೆಂಜ್ ತಲೆ ತಗ್ಗಿಸಿದ.

ಸೋಮವಾರ ಪಾಠಕ್ಕೆ ಬಂದ ಹುಡುಗಿ ಅಲ್ಲಿ ರೂಢಿಯಂತೆ ಬೆರಳು ಹಾರಿಸಿದಳು. ಒಟ್ಟಿಲಿ ಅವಳ ಮಣಿಕಟ್ಟಿನ ಕೆಳಗೆ ಅಂಗೈಯಿಟ್ಟು, "ಇರು, ಸ್ವಲ್ಪ ಇರು," ಎಂದಳು.