ಲೈಟಿನ ಲಾಲಸಾಬರು

ಗಂಗಾವತಿಯ ಏಪ್ರಿಲ್ ಬಿಸಿಲು ಗೊತ್ತಿದ್ದವರಿಗೆ ಲಾಲಸಾಬರ ಅಂಗಿ ವಿಚಿತ್ರವಾಗಿ ಕಾಣುತ್ತಿತ್ತು. ಸುತ್ತಲಿನ ಗ್ಯಾರೇಜಿನವರೆಲ್ಲ ಬನಿಯನ್ನಿನ ಮೇಲೆ, ಕೆಲವರು ಅದೂ ಇಲ್ಲದೆ ದುಡಿಯುತ್ತಿದ್ದರೆ, ಇವರೊಬ್ಬರು ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡು, ಕಾರಿನ ಬಾನೆಟ್ಟಿನೊಳಗೆ ತಲೆ ಹುದುಗಿಸಿ ನಿಂತಿರುತ್ತಿದ್ದರು. ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಯಾರಾದರೂ ಕೇಳಿದರೆ, "ಆ್ಯಸಿಡ್ ಸಿಡೀತೈತ್ರಿ" ಎಂದು ಒಂದೇ ಮಾತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನವಲಿ ಕಡೆಯ ಒಂದು ಸರ್ಕಾರಿ ದವಾಖಾನೆಗೆ ನಾನು ಡಾಕ್ಟರಾಗಿ ಬಂದಿದ್ದೆ. ಮುನಿರಾಬಾದಿನಲ್ಲಿ ನಿವೃತ್ತರಾದ ಓವರ್‌ಸಿಯರ್ ಒಬ್ಬರಿಂದ ಹಳೆಯ ಕಪ್ಪು ಕಾರೊಂದನ್ನು ಕೊಂಡಿದ್ದೆ. ಎಂಜಿನ್ ಗಟ್ಟಿಯಾಗಿತ್ತು, ಹೆಡ್‌ಲೈಟು ಮಾತ್ರ ಎಣ್ಣೆ ತೀರಿದ ಲಾಟೀನಿನಂತೆ. ಒಂದು ಸಂಜೆ ಕಾಲುವೆ ದಂಡೆಯ ಮೇಲೆ ಬರುವಾಗ, ಎದುರಿನ ಭತ್ತದ ಚಕ್ಕಡಿ ತೀರ ಹತ್ತಿರ ಬರುವವರೆಗೂ ನನಗೆ ಕಾಣಲೇ ಇಲ್ಲ. ಎತ್ತಿನ ಕೊಂಬು ಬಾನೆಟ್ಟಿಗೆ ತಾಗಿ ಗೀರು ಬಿತ್ತು. ಚಕ್ಕಡಿಯವನು ಸಿಟ್ಟಿನಿಂದ ಇಳಿದು ಬಂದವನು ಒಳಗೆ ಹೆಂಗಸು ಕೂತಿರುವುದನ್ನು ಕಂಡು ಬೈಗುಳ ನುಂಗಿಕೊಂಡ. "ಬಾಯಾರ, ಗಂಗಾವತಿಯಾಗ ಲೈಟಿನ ಲಾಲಸಾಬ ಅದಾನ. ಅವನ ಕಡೆ ಹೋಗ್ರಿ. ಇಲ್ಲಾಂದ್ರ ಒಂದಿನ ಕಾಲುವ್ಯಾಗ ಇರ್ತೀರಿ" ಎಂದ.

ಹೀಗೆ ಪರಿಚಯವಾದರು ಲಾಲಸಾಬರು. ಬೇವಿನ ಮರದ ಕೆಳಗೆ ತಗಡಿನ ಒಂದು ಚಪ್ಪರ, ಗೋಡೆಯ ಮೊಳೆಗಳಿಗೆ ಬಣ್ಣಬಣ್ಣದ ವಾಯರಿನ ಸುರುಳಿಗಳು. ಅದೇ ಅವರ ಅಂಗಡಿ. ಎರಡು ಜೋರಾದ ಬಲ್ಬು ಹಾಕಿಕೊಡಿ, ಸಂಜೆಯೊಳಗೆ ನಾನು ಊರು ಮುಟ್ಟಬೇಕು ಎಂದೆ. ಅವರು ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ, ಬಟ್ಟೆ ಸುತ್ತಿದ ಹಳೆಯ ವಾಯರೊಂದನ್ನು ಹೊರಗೆಳೆದು ಮಡಚಿದರು. ಹೊದಿಕೆ ಹಪ್ಪಳದಂತೆ ಮುರಿದು ನನ್ನ ಕಾಲ ಬಳಿ ಉದುರಿತು.

"ಬೆಳಕು ಬಲ್ಬಿನಾಗ ಇರಂಗಿಲ್ರಿ ಬಾಯಾರ, ವಾಯರಿನಾಗ ಇರತೈತಿ. ಇದರ ಮ್ಯಾಲ ದೊಡ್ಡ ಬಲ್ಬ್ ಹಾಕೂದು ಎರಡು ಮಿನಿಟಿನ ಕೆಲಸ. ಗಾಡಿ ಸುಡೂದೂ ಎರಡ ಮಿನಿಟಿನ ಕೆಲಸ."

ಲೈಟಿನ ಕರೆಂಟೆಲ್ಲ ಡ್ಯಾಶಿನ ಪುಟ್ಟ ಸ್ವಿಚ್ಚಿನ ಮೂಲಕವೇ ಹರಿದು ಅದು ಬಿಸಿಯಾಗುತ್ತದೆ. ಇನ್ನು ಮೇಲೆ ಬ್ಯಾಟರಿಯಿಂದ ದಪ್ಪ ವಾಯರು ನೇರ ಮುಂದಕ್ಕೆ ಹೋಗಬೇಕು. ನಡುವೆ ಫ್ಯೂಜು ಮತ್ತು ರಿಲೇ ಎಂಬ ತಗಡಿನ ಡಬ್ಬಿ. ಸ್ವಿಚ್ಚು ಆ ಡಬ್ಬಿಗೆ ಹುಕುಂ ಕೊಟ್ಟರೆ ಸಾಕು, ಭಾರ ಹೊರುವುದು ಡಬ್ಬಿ. ಹೀಗೆ ವಿವರಿಸಿದರು. ತುಕ್ಕು ಹಿಡಿದ ಅರ್ಥಿಂಗನ್ನು ಕೆರೆದು ಹೊಳಪು ಮಾಡಬೇಕು, ಮಸುಕಾದ ರಿಫ್ಲೆಕ್ಟರು ಬದಲಿಸಬೇಕು. ಒಂದು ವಾರ ಬೇಕು. "ಅರ್ಜೆಂಟ್ ಇದ್ರ ಬ್ಯಾರೆ ಕಡೆ ಹೋಗ್ರಿ. ನನ್ನ ಕೈಲೆ ಅದು ಆಗೂದಿಲ್ಲ." ಕಾರು ಅಲ್ಲೇ ಬಿಟ್ಟು ಬಸ್ಸು ಹಿಡಿದೆ.

ಅವರಿಗೊಂದು ಪದ್ಧತಿಯಿತ್ತು. ಪ್ರತಿ ಜೋಡಣೆಯನ್ನೂ ಮೂರು ಸಲ ಜಗ್ಗಿ ನೋಡುತ್ತಿದ್ದರು. "ಒಂದು ನನ್ನ ಸಲುವಾಗಿ, ಒಂದು ಗಿರಾಕಿ ಸಲುವಾಗಿ, ಒಂದು ಎದುರಿಗೆ ಬರಾವನ ಸಲುವಾಗಿ" ಎನ್ನುತ್ತಿದ್ದರು. ಟೇಪು ಸುತ್ತಿ ಕೆಲಸ ಮುಗಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಅದು ಜೋಡಣಿ ಅಲ್ರಿ, ಪರದೆ" ಎಂದು ಉಗುಳುತ್ತಿದ್ದರು.

ಐದನೆಯ ದಿನ ಮೀಟಿಂಗಿಗೆಂದು ಗಂಗಾವತಿಗೆ ಹೋದವಳು ಅಂಗಡಿಗೂ ಹೋದೆ. ಬೆಸುಗೆ ಹಾಕುತ್ತ ಕೂತಿದ್ದರು. ಕಾರಿನ ಮುಂಭಾಗ ಬಿಚ್ಚಿತ್ತು, ಹೊಸ ವಾಯರುಗಳು ಜೋತಾಡುತ್ತಿದ್ದವು. ನನ್ನನ್ನು ಕಂಡು ನಕ್ಕು, ಯಾವುದಕ್ಕೆ ಯಾವ ಬಣ್ಣದ ವಾಯರು ಎಂದು ಹೇಳತೊಡಗಿದರು. ಅಷ್ಟರಲ್ಲಿ ನನ್ನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ವಾಯರಿನದಲ್ಲ, ಚರ್ಮದ್ದು. ಬೆಸುಗೆಯ ಕಾದ ಕಬ್ಬಿಣ ಅವರ ಬಲಗೈಯ ಕಿರುಬೆರಳಿಗೆ ಒರಗಿತ್ತು. ಅವರು ಮಾತಾಡುತ್ತಲೇ ಇದ್ದರು, ನಗುತ್ತಲೇ ಇದ್ದರು.

ನನ್ನ ಕಣ್ಣು ಹೋದ ಕಡೆ ತಾವೂ ನೋಡಿದರು. ಕೈ ಕಿತ್ತುಕೊಂಡು ಬೆನ್ನ ಹಿಂದೆ ಮರೆಮಾಡಿದರು.

"ಕೆಲಸದಾಗ ಸುಡೂದು ಇದ್ದದ್ದರಿ."

"ತೋಳು ಮ್ಯಾಲೆ ಸರಿಸಿ ತೋರಿಸ್ರಿ ಲಾಲಸಾಬರ."

"ಯಾಕ?"

ನಾನು ದನಿ ತಗ್ಗಿಸಿದೆ. ಚರ್ಮದೊಳಗಿನ ನರಗಳೂ ವಾಯರಿದ್ದ ಹಾಗೆ ಎಂದು ಶುರು ಮಾಡಿದೆ. ಅವರ ಮುಖ ಕಲ್ಲಾಯಿತು.

"ವಾಯರಿನ ಮಾತು ನನಗ ಹೇಳಬ್ಯಾಡ್ರಿ. ನಂಗೆಲ್ಲ ಗೊತ್ತೈತಿ. ನಮ್ಮ ಮಾವಂದು ನೋಡೀನಿ. ಊರ ಹೊರಗ ಗುಡಸಲು ಹಾಕಿ ಕುಂಡ್ರಿಸಿದ್ರು. ದೊಡ್ಡ ರೋಗ ಅಂತ ಒಂದ ಮಾತು ಹೊರಗ ಬಿದ್ದರ ನಾಳಿಂದ ಈ ಮರದ ಬುಡಕ್ಕ ಒಂದು ಗಾಡಿ ನಿಂದ್ರಂಗಿಲ್ಲ. ನಂಗ ಏನೂ ಆಗಿಲ್ಲ. ನಿಮ್ಮ ಗಾಡಿ ಒಯ್ರಿ."

ಬಿಚ್ಚಿಟ್ಟ ಕಾರನ್ನು ಎಲ್ಲಿಗೆ ಒಯ್ಯಲಿ? ಇದಕ್ಕೆ ಗುಳಿಗೆ ಇದೆ, ಗುರುವಾರ ಮಧ್ಯಾಹ್ನ ದವಾಖಾನೆ ಖಾಲಿ ಇರುತ್ತದೆ, ಯಾರಿಗೂ ಹೇಳುವುದಿಲ್ಲ ಎಂದೆ. ಅವರು ಬೆನ್ನು ತಿರುಗಿಸಿ ನಿಂತರು. ಎರಡು ಗುರುವಾರ ಕಾದೆ. ಬರಲಿಲ್ಲ. ಕಾರಿನ ಸುದ್ದಿಯೂ ಇಲ್ಲ. ನನ್ನ ಮಾತಿನಿಂದ ಹೆದರಿ ಎಲ್ಲಾದರೂ ಹೊರಟುಹೋದರೇನೋ ಎಂಬ ಅಳುಕು ಹತ್ತಿತು.

ಮುಂದಿನ ಸೋಮವಾರ ಹೊತ್ತು ಮುಳುಗುವಾಗ ಹುಲಿಹೈದರದಿಂದ ಹನುಮವ್ವ ಎಂಬ ಬಸುರಿಯನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು. ಎರಡು ದಿನದಿಂದ ಬ್ಯಾನಿ ತಿಂದು ಸೋತಿದ್ದಳು, ರಕ್ತ ಹೋಗುತ್ತಿತ್ತು. ಹೊಟ್ಟೆಗೆ ಕಿವಿಗೊಟ್ಟು ಎಷ್ಟು ಹೊತ್ತು ಹುಡುಕಿದರೂ ಕೂಸಿನ ಎದೆಬಡಿತ ಸಿಗಲಿಲ್ಲ. ತಾಯಿಯನ್ನಾದರೂ ಉಳಿಸಬೇಕೆಂದರೆ ಗಂಗಾವತಿಯ ದೊಡ್ಡ ದವಾಖಾನೆಗೆ ಒಯ್ಯಬೇಕು. ಬಸ್ಸು ಹೋಗಿಯಾಗಿತ್ತು. ಯಾರ ಟ್ರ್ಯಾಕ್ಟರ್ ಕೇಳಲಿ ಎಂದು ಹೊರಗೆ ಓಡಿಬಂದರೆ, ರಸ್ತೆಯ ತಿರುವಿನಲ್ಲಿ ಎರಡು ಬೆಳ್ಳನೆಯ ಬೆಳಕು ಕಣ್ಣಿಗೆ ಹೊಡೆದವು. ನನ್ನದೇ ಕಾರು. ಇಳಿದವರು ಲಾಲಸಾಬರು. ಬೆಳಕು ಕತ್ತಲಲ್ಲೇ ತೋರಿಸಬೇಕೆಂದು ಆ ಹೊತ್ತಿಗೆ ಹೊರಟು ಬಂದಿದ್ದರು.

"ಚಾವಿ ತಗೋರಿ. ನಂದು ನಿಮ್ಮದು ಮುಗೀತು" ಎಂದರು. ಆಮೇಲೆ ನನ್ನ ಸೀರೆಯ ಮೇಲಿನ ರಕ್ತ ಕಂಡರು. ಮತ್ತೇನೂ ಕೇಳದೆ ಹಿಂದಿನ ಬಾಗಿಲು ತೆರೆದರು. "ಮಲಗಿಸ್ರಿ. ನಾ ನಡಸ್ತೀನಿ."

ಹಿಂದಿನ ಸೀಟಿನಲ್ಲಿ ಹನುಮವ್ವ, ಅವಳ ಅತ್ತೆ, ನಾನು. ಕಾಲುವೆ ದಂಡೆಯ ಹಾದಿ ಹಗಲಿನಷ್ಟು ನಿಚ್ಚಳವಾಗಿ ಬಿಚ್ಚಿಕೊಳ್ಳುತ್ತಿತ್ತು; ಹಾದಿಯ ಒಂದೊಂದು ಹರಳೂ ಕಾಣುತ್ತಿತ್ತು. ಇಷ್ಟು ಬೆಳಕು ಆ ಕಾರಿನದು ಎಂದು ನಂಬಲಾಗಲಿಲ್ಲ. ನಾಡಿ ಹಿಡಿದ ನನ್ನ ಬೆರಳಿನ ಕೆಳಗೆ ಬಡಿತ ದಾರದಂತೆ ತೆಳುವಾಗುತ್ತಿತ್ತು. "ಜಲ್ದಿ ಲಾಲಸಾಬರ" ಎಂದೆ. ರಸ್ತೆಯ ಗುಂಡಿಗಳಲ್ಲಿ ಕಾರು ಎಗರಿ ಬೀಳುತ್ತಿತ್ತು. ಒಂದು ದೊಡ್ಡ ಕುಲುಕಿಗೆ ಎರಡೂ ಲೈಟು ಒಮ್ಮೆಲೇ ಆರಿದವು.

ಏನೂ ಕಾಣದಾಯಿತು. ಬ್ರೇಕು ಕಿರುಚಿತು. ಕಾರು ನಿಂತಾಗ ಎಡಗಡೆ, ಕೈಚಾಚುವಷ್ಟು ಹತ್ತಿರದಲ್ಲಿ, ತುಂಬಿದ ಕಾಲುವೆಯ ನೀರಿನ ಸಪ್ಪಳ.

ಟಾರ್ಚು ಕೊಟ್ಟೆ. ಅವರು ಬಾನೆಟ್ಟು ಎತ್ತಿದರು. ಬ್ಯಾಟರಿಯಿಂದ ರಿಲೇಗೆ ಬರುವ ದಪ್ಪ ವಾಯರು ಜೋತುಬಿದ್ದಿತ್ತು. ಅದರ ಸ್ಕ್ರೂ ಸಡಿಲಾಗಿ ಕೊನೆಯ ಸುತ್ತಿನಲ್ಲಿ ನೇತಾಡುತ್ತಿತ್ತು. ಅದನ್ನು ಹಿಡಿಯಲು ಹೋದರು; ಬೆರಳಿಂದ ಜಾರಿತು. ಮತ್ತೊಮ್ಮೆ ಹೋದರು, ಸ್ಕ್ರೂ ಕಳಚಿ ಎಂಜಿನ್ನಿನ ಸಂದಿಯಲ್ಲಿ ಬಿತ್ತು. ಹಿಂದಿನಿಂದ ಅತ್ತೆಯ ದನಿ: "ಬಾಯಾರ, ಇಕಿ ಕಣ್ಣು ಮುಚ್ಚಾಕ ಹತ್ಯಾಳ್ರೀ!"

ಲಾಲಸಾಬರು ಸಂದಿಯಲ್ಲಿ ಕೈಯಾಡಿಸಿದರು. ಸ್ಕ್ರೂ ಅವರ ಬೆರಳ ತುದಿಗೇ ತಾಗುತ್ತಿರುವುದು ಪಕ್ಕದಲ್ಲಿ ನಿಂತ ನನಗೆ ಕಾಣುತ್ತಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ. ಕೈ ಹೊರಗೆ ತೆಗೆದರು.

"ಬಾಯಾರ, ನನ್ನ ಬೆರಳಿಗೆ ಗೊತ್ತಾಗವಲ್ದು. ನೀವು ಬರ್ರಿ."

ಅವರು ಟಾರ್ಚು ಹಿಡಿದರು. ರಕ್ತ ಹತ್ತಿದ ಬೆರಳುಗಳಿಂದ ನಾನು ಸ್ಕ್ರೂ ಹೆಕ್ಕಿ ತೆಗೆದೆ. "ವಾಯರಿನ ತೂತಿನಾಗ ಸ್ಕ್ರೂ ಹಾಕಿ ಡಬ್ಬಿಗೆ ಕುಂಡ್ರಸ್ರಿ. ಬಲಕ್ಕ ತಿರುವ್ರಿ. ಇನ್ನಷ್ಟು. ಇನ್ನೂ. ಈಗ ಜಗ್ಗಿ ನೋಡ್ರಿ." ಜಗ್ಗಿದೆ. ಮೂರು ಸಲ. ಲೈಟು ಹೊತ್ತಿತು.

ಹನುಮವ್ವ ಉಳಿದಳು. ಕೂಸು ಉಳಿಯಲಿಲ್ಲ.

ಬೆಳಗಿನ ಜಾವ ದವಾಖಾನೆಯ ಕಟ್ಟೆಯ ಮೇಲೆ ಲಾಲಸಾಬರು ನನಗಾಗಿ ಕಾಯುತ್ತಿದ್ದರು. "ಆ ಸ್ಕ್ರೂ ನಾನ ಬಿಗಿ ಮಾಡಿದ್ದು. ಮೂರು ಸಲ ಜಗ್ಗಿದ್ದೆ. ಬಿಗಿ ಆಗೈತಿ ಅಂದಕೊಂಡಿದ್ದೆ" ಎಂದರು. ಆಮೇಲೆ ನೆಲ ನೋಡುತ್ತ ಕೇಳಿದರು: "ಅಲ್ಲಿ ನಿಂತಿವಲ್ಲ, ಅಷ್ಟೊತ್ತು ನಿಲ್ಲದಿದ್ರ ಕೂಸು ಉಳೀತಿತ್ತೇನ್ರಿ?"

"ಇಲ್ಲ. ನಾವು ಹೊರಡೂಕಿಂತ ಮೊದಲ ಅದರ ಎದೆಬಡಿತ ನಿಂತಿತ್ತು."

"ಖರೇನ?"

"ಖರೆ."

ನನ್ನ ಮುಖವನ್ನು ಬಹಳ ಹೊತ್ತು ನೋಡಿದರು, ವಾಯರನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವ ಹಾಗೆ. ಆ ಗುರುವಾರ ಮಧ್ಯಾಹ್ನ ಬಂದರು. ಬಾಗಿಲು ಹಾಕಿ, ಮಣಿಕಟ್ಟಿನ ಗುಂಡಿ ತಾವೇ ಬಿಚ್ಚಿದರು. ಮೊಣಕೈಯ ಕೆಳಗೆ ಅಂಗೈಯಷ್ಟಗಲ, ಬಣ್ಣಗೆಟ್ಟ ಚರ್ಮ. ನಾನು ಸೂಜಿ ಮೊನೆ ತಾಗಿಸಿದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. "ಚುಚ್ಚಿದ್ರೇನು?" ಎಂದು ಕೇಳಿದಾಗ ಆಗಲೇ ನಾಲ್ಕು ಸಲ ಚುಚ್ಚಿಯಾಗಿತ್ತು.

ಗುಳಿಗೆ ವರ್ಷಗಟ್ಟಲೆ ನಡೆಯಿತು. ಒಂದು ತಿಂಗಳೂ ತಪ್ಪಿಸಲಿಲ್ಲ. ಹೋದ ಸ್ಪರ್ಶ ಎರಡು ಬೆರಳಿಗೆ ಮರಳಲಿಲ್ಲ, ಆದರೆ ರೋಗ ಅಲ್ಲಿಗೇ ನಿಂತಿತು. ಅಂದಿನಿಂದ ಅವರು ಕೊನೆಯ ಬಿಗಿತವನ್ನು ಎಡಗೈಯಿಂದಲೇ ಮಾಡುತ್ತಿದ್ದರು. ವಾಯರು ಬಿಸಿಯಾಗಿದೆಯೇ ಎಂದು ನೋಡಲು ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಗಿರಾಕಿಗಳು ಅದೊಂದು ಉಸ್ತಾದನ ಗತ್ತು ಎಂದುಕೊಂಡರು. ಕುಷ್ಟಗಿ, ಯಲಬುರ್ಗಾದಿಂದಲೂ ಕಾರುಗಳು ಆ ಬೇವಿನ ಮರ ಹುಡುಕಿಕೊಂಡು ಬರುತ್ತಿದ್ದವು. ಮನೆಯವರನ್ನೂ ಒಮ್ಮೆ ತೋರಿಸಿ ಎಂದು ಎರಡು ಮೂರು ಸಲ ಹೇಳಿದ್ದೆ. "ಅವರು ಆರಾಮ ಅದಾರ್ರಿ" ಎಂದು ಮಾತು ತೇಲಿಸುತ್ತಿದ್ದರು. ನಾನೂ ಒತ್ತಾಯಿಸಲಿಲ್ಲ. ಅದು ನನ್ನ ತಪ್ಪು.

ಎಂಬತ್ತರ ದಶಕದ ನಡುವೆ ನನಗೆ ಬೀದರಕ್ಕೆ ವರ್ಗವಾಯಿತು. ಎರಡು ವರ್ಷದ ಮೇಲೆ ಕೊಪ್ಪಳಕ್ಕೆ ಮದುವೆಗೆಂದು ಬಂದವಳು ಗಂಗಾವತಿಯ ಬಸ್ಸು ಹತ್ತಿದೆ. ಮರದ ಕೆಳಗಿನ ಚಪ್ಪರ ಇರಲಿಲ್ಲ. ಎದೆನೋವು ಬಂದು ಮೂರು ತಿಂಗಳ ಹಿಂದೆ ತೀರಿಕೊಂಡರೆಂದು ಪಕ್ಕದ ಪಂಕ್ಚರ್ ಅಂಗಡಿಯವನು ಹೇಳಿ, ಹಿಂದಿನ ಓಣಿಯ ಮನೆ ತೋರಿಸಿದ.

ಅವರ ಹೆಂಡತಿ ಹುಸೇನಬಿಯನ್ನು ನಾನು ಕಂಡದ್ದು ಅದೇ ಮೊದಲು. ನಾನು ಯಾರೆಂದು ಹೇಳಿದೊಡನೆ ಒಳಗೆ ಹೋಗಿ ತಗಡಿನ ಡಬ್ಬಿಯೊಂದನ್ನು ತಂದು ನನ್ನ ಮುಂದೆ ಇಟ್ಟರು. ಖಾಲಿ ಗುಳಿಗೆ ಬಾಟಲಿಗಳು.

"ಇವು ಯಾತರ ಗುಳಿಗಿ ಅಂತ ನಂಗ ಹೇಳ್ರಿ ಬಾಯಾರ. ಏಳು ವರ್ಷ ಅವರು ನನ್ನ ತಾಟಿನಾಗ ಉಣ್ಣಲಿಲ್ಲ. ತಮ್ಮ ತಾಟು ತಾವ ತೊಳಕೊಂತಿದ್ರು. ಹೊರಗ ಪಡಸಾಲ್ಯಾಗ ಮಲಗತಿದ್ರು. ಮಕ್ಕಳನ್ನ ಎತ್ತಿಕೊಳ್ಳಲಿಲ್ಲ. ನನ್ನಿಂದ ಏನು ತಪ್ಪಾಗೈತಿ ಅಂತ ಕೇಳಾಕ ಧೈರ್ಯ ಬರಲಿಲ್ಲ. ಈಗ ಯಾರನ್ನ ಕೇಳಲಿ?"

ಯಾರಿಗೂ ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಆ ಹೆಂಗಸಿನ ಮುಖ ನೋಡಿದೆ. ಹೇಳಿದೆ. ಕುಷ್ಠ ಎಂದು ರೋಗದ ಹೆಸರನ್ನೂ ಹೇಳಿದೆ. ಗುಳಿಗೆ ಶುರುವಾದ ಮೇಲೆ ಮನೆಯಲ್ಲಿ ಯಾರಿಗೂ ಅವರಿಂದ ಏನೂ ಆಗುವಂತಿರಲಿಲ್ಲ, ಅಷ್ಟು ದೂರ ಇರುವ ಅಗತ್ಯವೇ ಇರಲಿಲ್ಲ, ಅದನ್ನು ನಾನೇ ಅವರಿಗೆ ಇನ್ನೂ ಬಿಡಿಸಿ ಹೇಳಬೇಕಿತ್ತು ಎಂದೂ ಹೇಳಿದೆ.

ಹುಸೇನಬಿ ಗೋಡೆಗೆ ಒರಗಿದರು.

"ಅಷ್ಟ ಏನ್ರಿ?"

ಎದ್ದು, ಒಲೆಯ ಪಕ್ಕದ ಹಲಗೆಯ ಮೇಲೆ ಬೇರೆಯಾಗಿ ಇಟ್ಟಿದ್ದ ತಾಟನ್ನು ತೆಗೆದರು. ಅದರಲ್ಲಿ ಅನ್ನ ಬಡಿಸಿಕೊಂಡು, ನನ್ನೆದುರಿಗೇ ಕೂತು, ಉಣ್ಣತೊಡಗಿದರು.